ಬೆನ್ನು ಕೊಟ್ಟು ನೋಡುವ ದೇವಿರಮ್ಮ

ಬೆಳಗಿನ ಆರು ಗಂಟೆ. ಹಿನಕಲ್‌ನ ಈ ಓಣಿಗೆ ಇನ್ನೂ ಹಾಲಿನವರೂ ಬಂದಿಲ್ಲ. ತಗಡಿನ ಶೆಡ್ಡಿನೊಳಗೆ ದೇವಿರಮ್ಮ ಕುಕ್ಕರಗಾಲಿನಲ್ಲಿ ಕೂತು, ನಿನ್ನೆ ಸಿಮೆಂಟು ತುಂಬಿದ್ದ ಅಚ್ಚಿನ ಬೋಲ್ಟು ಬಿಚ್ಚುತ್ತಿದ್ದಾರೆ. ಅಚ್ಚಿನ ಎರಡು ಹೋಳು ಬೇರೆಯಾಗುತ್ತಲೇ ಒಳಗಿಂದ ಎರಡೂವರೆ ಅಡಿಯ ಕಂಬವೊಂದು ಹೊರಬರುತ್ತದೆ. ಕತ್ತು ಸಣ್ಣ, ಹೊಟ್ಟೆ ದಪ್ಪ. ಮಹಡಿಯ ಬಾಲ್ಕನಿಗಳಲ್ಲಿ ಸಾಲಾಗಿ ನಿಂತಿರುತ್ತವಲ್ಲ, ಆ ಕಟಾಂಜನದ ಕಂಬ. ಅದನ್ನು ಗೋಣಿಚೀಲದ ಮೇಲೆ ಮಲಗಿಸಿ, ಬೆರಳ ಗೆಣ್ಣಿನಿಂದ ಮೂರು ಕಡೆ ತಟ್ಟಿ ಕಿವಿಗೊಡುತ್ತಾರೆ. ಆಗ ಅವರ ಮುಖ ನೋಡಬೇಕು, ಆಪರೇಷನ್ ಥಿಯೇಟರಿನ ಹೊರಗೆ ಕೂತವರ ಮುಖ.

"ದಿನಾ ಭಯ ಆಯ್ತದೆ ಕಣಮ್ಮ," ಎನ್ನುತ್ತಾರೆ. "ಈ ಕೆಲ್ಸಕ್ ಬಂದು ಇಪ್ಪತ್ತಾರು ವರ್ಸ ಆಯ್ತು. ಮೊದ್ಲೆಲ್ಲ ಆಯ್ತಿರ್ಲಿಲ್ಲ. ಈಗ ಆಯ್ತದೆ."

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಇವರನ್ನು ಹುಡುಕಿಕೊಂಡು ಬಂದದ್ದು ಲೇಖನಕ್ಕಾಗಿ ಅಲ್ಲ, ಹೆದರಿಕೆಯಿಂದ. ರಾಮಕೃಷ್ಣನಗರದ ನಮ್ಮ ಹಳೆಯ ಮನೆಯ ಬಾಲ್ಕನಿಯ ಕಬ್ಬಿಣದ ಕಟಾಂಜನ ಬುಡದಲ್ಲಿ ತುಕ್ಕು ಹಿಡಿದಿತ್ತು. ಆರು ವರ್ಷದ ನನ್ನ ಮಗಳು ಅನನ್ಯ ಒಂದು ದಿನ ಅದರ ಮೇಲೆ ಕಾಲಿಟ್ಟಾಗ ಅದು ಅಲುಗಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಬದಲಾಯಿಸಬೇಕೆಂಬುದೇನೋ ನಿರ್ಧಾರವಾಯಿತು, ಯಾವುದನ್ನು ಹಾಕಿಸಬೇಕೆಂಬುದು ಆಗಲಿಲ್ಲ. ಗಂಡ ಮಾಧವನಿಗೆ ಸಿಮೆಂಟೇ ಆಗಬೇಕು, "ಗಟ್ಟಿ ಇರುತ್ತೆ ಕಣೇ" ಎಂಬ ಒಂದೇ ಪಲ್ಲವಿ. ಫೈಬರ್ ಕಟಾಂಜನದ ಅಂಗಡಿಯ ಗುರುಕಿರಣ್ ಕಂಬವೊಂದನ್ನು ನನ್ನ ಅಂಗೈ ಮೇಲಿಟ್ಟು, "ಒಂದೇ ಕೈಲಿ ಎತ್ತಿ ನೋಡಿ ಮೇಡಂ, ತುಕ್ಕಿಲ್ಲ, ಬಿರುಕಿಲ್ಲ" ಎಂದರು. ಎತ್ತಿದೆ. ಸೌತೆಕಾಯಿಯಷ್ಟು ಹಗುರ! ನನ್ನ ಮಗಳು ಒರಗಿಕೊಳ್ಳಬೇಕಾದ್ದು ಇದಕ್ಕೋ? ಒಂದು ತಿಂಗಳು ಮನೆಯಲ್ಲಿ ಇದೇ ಜಗಳ ನಡೆಯಿತು. ಕೊನೆಗೆ ಸಿಮೆಂಟೇ ಗೆದ್ದಿತು, ಅದನ್ನು ಎರೆಯುವವರನ್ನು ಹುಡುಕಿಕೊಂಡು ಇಲ್ಲಿಗೆ ಬಂದೆ.

ದೇವಿರಮ್ಮನಿಗೀಗ ಐವತ್ತನಾಲ್ಕು. ಗಂಡ ಬಸವರಾಜು ಗಾರೆ ಕೆಲಸದವರು. ಮದುವೆಯಾದ ಹೊಸದರಲ್ಲಿ ಗಂಡನ ಹಿಂದೆ ಬಾಂಡ್ಲಿ ಹೊರುತ್ತಿದ್ದ ಈಕೆ, ಒಬ್ಬ ಮೇಸ್ತ್ರಿ ಬಿಟ್ಟುಹೋದ ಎರಡು ಅಚ್ಚುಗಳಿಂದ ಕಂಬ ಎರೆಯುವುದನ್ನು ತಾವೇ ಕಲಿತರು. ಈಗ ಹದಿನಾಲ್ಕು ಅಚ್ಚುಗಳಿವೆ, ಹಾಗಾಗಿ ದಿನಕ್ಕೆ ಹೆಚ್ಚೆಂದರೆ ಹದಿನಾಲ್ಕು ಕಂಬ. ಒಂದೊಂದೂ ಹದಿನೆಂಟು ಕೇಜಿ. ತೊಟ್ಟಿಯ ನೀರಿನಲ್ಲಿ ಎರಡು ವಾರ ನೆನೆದ ಮೇಲಷ್ಟೇ ಗಾಡಿ ಹತ್ತಬೇಕು. ಸಿಮೆಂಟು ತಿಂದು ಬೆರಳ ತುದಿಗಳು ನುಣ್ಣಗಾಗಿವೆ. ಆಧಾರ್ ಮಾಡಿಸಲು ಹೋದಾಗ ಯಂತ್ರ ಇವರ ಬೆರಳಚ್ಚನ್ನು ಗುರುತಿಸಲೇ ಇಲ್ಲವಂತೆ. ಅದನ್ನು ಹೇಳಿಕೊಂಡು ಅವರೇ ನಗುತ್ತಾರೆ. ಫೈಬರ್ ಬಂದ ಮೇಲೆ ತಿಂಗಳಿಗೆ ಮೂರು ಮನೆಯ ಕೆಲಸ ಒಂದಕ್ಕೆ ಇಳಿದಿದೆ. ಅದನ್ನು ಹೇಳುವಾಗ ನಗುವುದಿಲ್ಲ.

ಭಯ ಯಾವಾಗ ಶುರುವಾಯಿತು ಎಂದು ಕೇಳಿದೆ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು.

ಐದು ವರ್ಷದ ಹಿಂದಿನ ಮಾತು. ಒಂದೇ ಮನೆಗೆ ಐವತ್ತೆರಡು ಕಂಬ ಬೇಕಿತ್ತು, ನಲವತ್ತು ಮಹಡಿಗೆ, ಹನ್ನೆರಡು ಕೆಳಗಿನ ಜಗಲಿಗೆ. ಮಹಡಿಯ ಕಂಬದೊಳಗೆ ತಲೆಯಿಂದ ಬುಡದವರೆಗೆ ಒಂದೇ ಕಬ್ಬಿಣದ ಕಂಬಿ ಹೋಗಬೇಕು. ಜಗಲಿಯ ಕಂಬಕ್ಕೆ ಮೇಲೊಂದು ಕೆಳಗೊಂದು ತುಂಡು ಸಾಕು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಅದಕ್ಕೇ ಇಡೀ ಕಂಬಿಯ ಕಂಬದ ಬುಡಕ್ಕೆ ಕೆಂಪು ಪೇಂಟಿನ ಬೊಟ್ಟು ಇಡುವುದು ಇವರ ರೂಢಿ. ಐವತ್ತೆರಡನ್ನೂ ಎರೆದಾಗಿ ಬೊಟ್ಟಿಡಲು ಹೋದರೆ ಪೇಂಟು ಮುಗಿದಿತ್ತು. ಶುಕ್ರವಾರ ಬೇರೆ, ಅಚ್ಚುಗಳಿಗೆ ಪೂಜೆ ಮಾಡಿದ ಕುಂಕುಮದ ಬಟ್ಟಲು ಪಕ್ಕದಲ್ಲೇ ಇತ್ತು. ಅದನ್ನೇ ಕಲಸಿ ಬೊಟ್ಟಿಟ್ಟು ಕಂಬಗಳನ್ನು ತೊಟ್ಟಿಗೆ ಇಳಿಸಿಬಿಟ್ಟರು.

"ಎತ್ತುವಾಗ ನೋಡ್ತೀನಿ, ಒಂದ್ರಲ್ಲೂ ಬೊಟ್ಟಿಲ್ಲ. ತೊಟ್ಟಿ ನೀರೆಲ್ಲ ಕೆಂಪು. ಅಂದಾಜ್ ಮೇಲೆ ಇಂಗಡ್ಸಿ ಕಳ್ಸ್‌ಬುಟ್ಟೆ. ಅಲ್ಲೇ ತಪ್ ಮಾಡಿದ್ದು ನಾನು."

ಕಂಬ ನಿಂತವು, ಗೃಹಪ್ರವೇಶವೂ ಆಯಿತು. ಇವರು ಮಾತ್ರ ಗಂಡನ ಮುಂದೆ ಅದನ್ನೇ ಹೇಳುತ್ತಿದ್ದರು. "ಯಾರ್ಗ್ ಗೊತ್ತಾಯ್ತದೆ, ಸುಮ್ಕಿರು ಅಂದ್ರು ನಮ್ ಯಜಮಾನ್ರು. ನಂಗೆ ಗೊತ್ತಲ್ಲ?" ಎಂಟನೆಯ ದಿನ ಆ ಮನೆಯ ಮಾಲೀಕರ ಮುಂದೆ ನಿಂತು ನಿಜ ಹೇಳಿದರು. ಬೈಸಿಕೊಂಡರು. ಹೊಸದಾಗಿ ನಲವತ್ತು ಎರೆದು, ಮಹಡಿಯ ಹಳೆಯ ನಲವತ್ತನ್ನೂ ಇಳಿಸಿ ಒಂದೊಂದಾಗಿ ಒಡೆದು ನೋಡಿದರು. ಐದರಲ್ಲಿ ಬರೀ ತುಂಡು ಕಂಬಿ.

"ಐದು," ಎಂದು ಕೈಯಗಲಿಸಿ ನನಗೆ ತೋರಿಸಿದರು.

ಅಂದಿನಿಂದ ಎಲ್ಲಿ ಕೆಲಸ ಮಾಡಿದರೂ ಕೊನೆಗೊಂದು ಪರೀಕ್ಷೆ ಇದ್ದೇ ಇರುತ್ತದೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದರ ತುದಿಯನ್ನು ಬಸವರಾಜು ಕೈಗೆ ಕೊಟ್ಟು, ಕಟಾಂಜನಕ್ಕೆ ಬೆನ್ನು ಕೊಟ್ಟು ಇಡೀ ಭಾರ ಬಿಡುತ್ತಾರೆ. ಎದೆ ಕೊಟ್ಟು ಮುಂದಕ್ಕೆ ಒರಗಿದರೆ ಆಗದೇ ಎಂದು ಕೇಳಿದೆ. "ಕೆಳಗಡೆ ಕಂಡ್ರೆ ಮೈ ತಾನಾಗೇ ಇಂದಕ್ ಬತ್ತದೆ ಕಣಮ್ಮ. ಮಕ್ಳು ನೋಡ್ಕಂಡು ಒರಗ್ತಾವಾ?"

ಅಳತೆಗೆಂದು ನಮ್ಮ ಮನೆಗೆ ಬಂದ ದಿನ ಟೇಪನ್ನು ಅವರು ಹೊರಗೆ ತೆಗೆಯಲೇ ಇಲ್ಲ. ಬಾಲ್ಕನಿ ಗೋಡೆಗೆ ಸೇರುವ ಕಡೆ ಬಗ್ಗಿ ನೋಡಿ, ಒಂದು ಚೊಂಬು ನೀರು ಕೇಳಿದರು. ಕೂದಲೆಳೆಯಂಥ ಬಿರುಕಿನ ಮೇಲೆ ಸುರಿದರು. ನೀರು ನಿಲ್ಲಲಿಲ್ಲ, ಹರಿಯಲೂ ಇಲ್ಲ, ಒಳಗೆ ಇಳಿದುಹೋಯಿತು. ನಾವೆಲ್ಲ ಕೆಳಗಿಳಿದು ತಲೆಯೆತ್ತಿ ನಿಂತೆವು. ಸ್ವಲ್ಪ ಹೊತ್ತಿನ ಮೇಲೆ ಬಾಲ್ಕನಿಯ ಅಡಿಯಿಂದ ಒಂದು ಹನಿ ಬಿತ್ತು, ಆಮೇಲೆ ಇನ್ನೊಂದು. ತುಕ್ಕಿನ ಬಣ್ಣದ ಹನಿ.

"ಒಳಗಿನ್ ಕಂಬಿ ಓಗ್ಬುಟ್ಟದೆ ಕಣಮ್ಮ," ಎಂದರು ಮೆಲ್ಲಗೆ. "ಇದ್ರ ಮೇಲೆ ನನ್ ಇಪ್ಪತ್ತೆರಡು ಕಂಬ ನಿಲ್ಸುದ್ರೆ ನಾಕು ಕ್ವಿಂಟಾಲ್ ಹತ್ರ ಆಯ್ತದೆ. ಬ್ಯಾಡ. ಮೊದ್ಲು ಬಾಗ್ಲಿಗೆ ಬೀಗ ಹಾಕಿ, ಮಗೂನ ಬುಡಬೇಡಿ. ಇಂಜಿನಿಯರ್ ಕರ್ಸಿ. ಆಮೇಲೆ ಫೈಬರ್ರೇ ಹಾಕಿಸ್ಕಳಿ."

ತಿಂಗಳಿಡೀ ಕಂಬ ಯಾವುದೆಂದು ಕಿತ್ತಾಡಿದ್ದೆವು. ಆ ಕಂಬ ನಿಲ್ಲುವ ನೆಲವನ್ನು ಇಬ್ಬರಲ್ಲಿ ಒಬ್ಬರೂ ನೋಡಿರಲಿಲ್ಲ. ಹಿಂದಿನ ಸಂಜೆ ಅದೇ ಜಾಗದಲ್ಲಿ ಅನನ್ಯ ಸ್ಕಿಪ್ಪಿಂಗ್ ಆಡಿದ್ದಳು. ಮಾಧವ ಹೋಗಿ ಬೀಗ ತಂದ.

ಆ ತಿಂಗಳು ಅವರ ಕೈಲಿದ್ದುದು ನಮ್ಮದೊಂದೇ ಕೆಲಸ ಎಂಬುದು ಬಸವರಾಜು ಬಾಯಿಂದ ಆಮೇಲೆ ತಿಳಿಯಿತು.

ಇಂಜಿನಿಯರ್ ಬಂದರು. ಬಾಲ್ಕನಿಯನ್ನು ಒಡೆಸಿ ಹೊಸ ಕಂಬಿ ಕಟ್ಟಿಸಿ ಮತ್ತೆ ಹಾಕಿಸಿದ್ದಾಯಿತು. ಹಳೆಯ ಗೋಡೆಗೆ ಹೆಚ್ಚು ಭಾರ ಬೇಡವೆಂದು ಇಂಜಿನಿಯರ್ ಕೂಡ ಹೇಳಿದ್ದರಿಂದ ಗುರುಕಿರಣ್ ಅವರ ಫೈಬರ್ ಕಟಾಂಜನವೇ ಬಂತು. ಮಾರನೆಯ ಬೆಳಿಗ್ಗೆ ಗೇಟಿನ ಹತ್ತಿರ ದೇವಿರಮ್ಮ, ಬಸವರಾಜು ಮತ್ತು ಹಗ್ಗ! ನಾವು ಕರೆದಿರಲಿಲ್ಲ. ಅವರು ಪ್ರತಿ ಕಂಬವನ್ನೂ ತಟ್ಟಿ, ಒಳಗೆ ಸ್ಟೀಲ್ ಪೈಪು ಇದೆಯೆಂದು ಖಾತ್ರಿ ಮಾಡಿಕೊಂಡರು. ಸೊಂಟಕ್ಕೆ ಹಗ್ಗ ಬಿಗಿದು, ಕಣ್ಣು ಮುಚ್ಚಿ, ಹಿಂದಕ್ಕೆ ಒರಗಿದರು. ಕಟಾಂಜನ 'ಕಿರ್' ಎಂದಿತು. ನಾನು ಅನನ್ಯಳನ್ನು ಎದೆಗೆ ಅವುಚಿಕೊಂಡೆ. ನಾಲ್ಕು ಕಡೆ ಹಾಗೇ ಒರಗಿ ನೋಡಿ, ಐದನೆಯ ಸಲ ಕಣ್ಣು ಬಿಟ್ಟುಕೊಂಡೇ ಒರಗಿದರು.

"ಈಗ ಮಗೂನ ಬುಡಿ."

ಕಾಫಿ ಕೊಡುವಾಗ, ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಬರೆಯಲೇ ಎಂದು ಕೇಳಿದೆ. ಖುಷಿಪಡುತ್ತಾರೆಂದುಕೊಂಡಿದ್ದೆ. ಆಮೇಲೆ ಒಪ್ಪಿದರು, ಆದರೆ ಆ ಕ್ಷಣ ಗಾಬರಿಯಾಗಿ ಲೋಟ ಕೆಳಗಿಟ್ಟರು.

"ನನ್ ಹೆಸ್ರು ಯಾಕಮ್ಮ? ಕಟಾಂಜನ ಮಾಡಿದ್ ಯಾರು ಅಂತ ಜನ ಕೇಳೋದು ಯಾರಾದ್ರೂ ಬಿದ್ದಾಗ್ಲೇ." ಲೋಟವನ್ನು ಮತ್ತೆ ಎತ್ತಿಕೊಂಡು ಬಾಲ್ಕನಿಯ ಕಡೆ ನೋಡಿದರು. "ಇಪ್ಪತ್ತಾರು ವರ್ಸ ಆಯ್ತು. ಇನ್ನೂ ಯಾರೂ ಕೇಳಿಲ್ಲ."