ಎರಡು ಬೀದಿ ಆಚೆಗೆ ಕೇಳುತ್ತಿದ್ದ ಟ್ಯಾಪೆಟ್

ಗಂಡ ಮನೆಗೆ ಬರುವ ಹೊತ್ತನ್ನು ಒಲೀಟಾ ಪ್ರುಯಿಟ್ ಗಡಿಯಾರ ನೋಡಿ ತಿಳಿದವಳಲ್ಲ. ಅವನ ಕಾರು ಎರಡು ಬೀದಿ ಆಚೆ ಚರ್ಚಿನ ಮೂಲೆ ತಿರುಗುವಾಗಲೇ ಎಂಜಿನ್ನಿನ ಟಿಕಟಿಕ ಅವಳ ಅಡುಗೆಮನೆಯ ಕಿಟಕಿಗೆ ಬಂದು ತಾಕುತ್ತಿತ್ತು. ಒಂದು ಕೋಣೆ ತುಂಬ ಹೆಂಗಸರು ಒಟ್ಟಿಗೆ ಹೊಲಿಗೆ ಯಂತ್ರ ತುಳಿದ ಹಾಗಿನ ಸದ್ದು ಅದು. ಅದು ಕಿವಿಗೆ ಬಿದ್ದ ಮೇಲೆ ಕಾಫಿ ಇಟ್ಟರೆ, ವರ್ಲಿನ್ ಬಾಗಿಲಲ್ಲಿ ಬೂಟು ಬಿಚ್ಚುವಷ್ಟರಲ್ಲಿ ಕಾಫಿ ಸಿದ್ಧವಾಗಿರುತ್ತಿತ್ತು.

ಇಬ್ಬರೂ ದಕ್ಷಿಣದ ಅರ್ಕಾನ್ಸಾದ ಹತ್ತಿ ಹೊಲಗಳ ಕಡೆಯವರು. ಮದುವೆಯಾದ ವರ್ಷವೇ ಕೆಲಸ ಹುಡುಕಿಕೊಂಡು ಉತ್ತರದ ಕಾರು ಕಾರ್ಖಾನೆಗಳ ಊರಾದ ಫ್ಲಿಂಟ್‌ಗೆ ಬಂದವರು. ವರ್ಲಿನ್ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವ ಸಾಲಿಗೆ ಸೇರಿದ, ಅವಳು ಶಾಲೆಯ ಅಡುಗೆಮನೆಯಲ್ಲಿ ಬನ್ನಿನ ಹಿಟ್ಟು ನಾದುವುದಕ್ಕೆ. ಇಬ್ಬರೂ ಅಲ್ಲಲ್ಲೇ ನಿವೃತ್ತರಾದರು. ಅವನಿಗಿದ್ದದ್ದು ಒಂದೇ ಶೋಕಿ: ಎರಡೇ ಸೀಟಿನ, ಕೆಂಪು ಬಣ್ಣದ ಹಳೆಯ ಕಾರ್ವೆಟ್. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಅದು ತಾಕಬಾರದೆಂದು ಹಳೆಯ ಕೌದಿ ಹೊದಿಸಿ ಶೆಡ್ಡಿನಲ್ಲಿ ಮಲಗಿಸುವನು. ವಸಂತದ ಮಳೆ ಉಪ್ಪನ್ನೆಲ್ಲ ತೊಳೆದುಕೊಂಡು ಹೋದ ಮೊದಲ ಶನಿವಾರ, ಊರಿನ ಹಳೆ ಕಾರಿನವರೆಲ್ಲ ಕೋನಿ ಹೋಟೆಲಿನ ಅಂಗಳದಲ್ಲಿ ಸೇರುವರು. ಅಲ್ಲಿ ವರ್ಲಿನ್ ಒಬ್ಬೊಬ್ಬರ ಎಂಜಿನ್ನಿಗೂ ಕಿವಿಗೊಟ್ಟು ಟ್ಯಾಪೆಟ್ ಹೊಂದಿಸಿ ಕೊಡಬೇಕು. ಅದಾದ ಮೇಲೆಯೇ ಆ ಗುಂಪಿಗೆ ಚಳಿಗಾಲ ಮುಗಿದ ಲೆಕ್ಕ.

ಟ್ಯಾಪೆಟ್ ಎಂದರೆ ಎಂಜಿನ್ನಿನ ವಾಲ್ವುಗಳನ್ನು ಕೆಳಗಿನಿಂದ ನೂಕಿ ಬಾಯಿ ತೆರೆಸುವ ತುಂಡು. ವರ್ಲಿನ್ನನ ಕಾರಿನದು ಗಟ್ಟಿ ಕಬ್ಬಿಣದ್ದು. ಕಬ್ಬಿಣ ಬಿಸಿಗೆ ಹಿಗ್ಗುತ್ತದೆಂದು ಅಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟಿರಬೇಕು. ತೆಳ್ಳನೆಯ ತಗಡೊಂದನ್ನು ಆ ಸಂದಿಗೆ ತೂರಿಸಿ, ಅದು ಬಿಗಿಯಾಗಿ ಜಾರುವಷ್ಟಕ್ಕೆ ನಟ್ಟು ನಿಲ್ಲಿಸಬೇಕು. ಟಿಕಟಿಕ ಹುಟ್ಟುವುದು ಆ ಸಂದಿನಲ್ಲೇ. ಸಂದು ಮುಚ್ಚಿದರೆ ಸದ್ದೂ ಇಲ್ಲ, ಸ್ವಲ್ಪ ದಿನಕ್ಕೆ ವಾಲ್ವು ಸುಟ್ಟು ಕರಕಲು. "ಮಾತಾಡೋ ವಾಲ್ವೇ ಬದುಕಿರೋ ವಾಲ್ವು" ಎಂದು ಅವನು ಹೇಳುತ್ತಲೇ ಇರುತ್ತಿದ್ದ. ಒಲೀಟಾ ಹೂಂಗುಟ್ಟುವಳು. ಅದರ ಅರ್ಥ ಅವಳಿಗೆಂದೂ ಬೇಕಾಗಿರಲಿಲ್ಲ.

ಹೋದ ಶರತ್ಕಾಲದಲ್ಲಿ ಎಂಜಿನ್ನಿನ ಕ್ಯಾಮ್ ಸವೆದಿತ್ತು. ಟ್ಯಾಪೆಟ್ಟುಗಳನ್ನು ಎತ್ತಿ ಇಳಿಸುವ ದಂಡ ಅದು. ಬಗ್ಗಿದರೆ ಎದೆ ಹಿಡಿದುಕೊಳ್ಳುತ್ತಿದ್ದುದರಿಂದ ವರ್ಲಿನ್ ಆ ಕೆಲಸವನ್ನು ಗೆಳೆಯ ರಸ್ ಹಾವ್ಲಿಕ್‌ನ ಗ್ಯಾರೇಜಿಗೆ ಬಿಟ್ಟ. ಅದೇ ವಾರ ಅವನನ್ನೂ ಆಸ್ಪತ್ರೆಗೆ ಸೇರಿಸಿ ಎದೆ ಕೊಯ್ದರು. ಒಲೀಟಾ ಆಸ್ಪತ್ರೆಯ ಪಡಸಾಲೆಯಲ್ಲಿ ಕೂತಿದ್ದಾಗ ರಸ್ ಫೋನು ಮಾಡಿದ್ದ.

"ಒಲೀಟಾ ಅವರೇ, ಇಂಥಾ ಹೊತ್ನಲ್ಲಿ ಕೇಳ್ತಿದೀನಿ, ಬೇಜಾರಾಗ್ಬೇಡಿ. ಗಟ್ಟಿ ಟ್ಯಾಪೆಟ್ ಹಾಕ್ಲಾ, ಎಣ್ಣೆ ಟ್ಯಾಪೆಟ್ ಹಾಕ್ಲಾ? ಮುಂದಿನ ವಾರ ನಾನು ಚಳಿಗಾಲ ಕಳೆಯೋಕೆ ಫ್ಲಾರಿಡಾಕ್ಕೆ ಹೊರಟೆ."

"ನಂಗೇನಪ್ಪಾ ಗೊತ್ತು? ಎರಡಕ್ಕೂ ಏನು ವ್ಯತ್ಯಾಸ?"

"ಗಟ್ಟಿಯದನ್ನ ಅವ್ನು ಬಗ್ಗಿ ಬಗ್ಗಿ ಹೊಂದಿಸ್ತಾ ಇರ್ಬೇಕು. ಎಣ್ಣೆದಕ್ಕೆ ಅದೇನೂ ಬೇಡ."

"ಹಂಗಾದ್ರೆ ಅವ್ನನ್ನ ಬಗ್ಗಿಸದೇ ಇರೋದನ್ನೇ ಹಾಕು" ಎನ್ನುವಷ್ಟರಲ್ಲಿ ಹಸಿರು ಟೊಪ್ಪಿಯ ಡಾಕ್ಟರು ಹೊರಗೆ ಬಂದರು. ಫೋನು ಇಟ್ಟಳು. ಡಾಕ್ಟರ ಬಾಯನ್ನೇ ನೋಡುತ್ತ ನಿಂತವಳಿಗೆ ಆ ಮಾತು ಆ ಕ್ಷಣವೇ ಮರೆತುಹೋಯಿತು. ಅವಳೇ ವರ್ಲಿನ್ನನಿಗೆ ಹೇಳಿರುತ್ತಾಳೆಂದು ರಸ್ ಅಂದುಕೊಂಡ, ಅವಳಿಗೋ ನೆನಪೇ ಇರಲಿಲ್ಲ.

ರಸ್ ಹೊರಡುವ ಮುಂಚೆ ಕಾರನ್ನು ತಂದು ಶೆಡ್ಡಿನಲ್ಲಿ ನಿಲ್ಲಿಸಿದ್ದ; ಏಪ್ರಿಲ್ಲಿನಲ್ಲಿ ವರ್ಲಿನ್ ಕೌದಿ ತೆಗೆದು ಅದನ್ನು ಶುರುಮಾಡಿದ. ಕಿವಿಗೊಟ್ಟು ಕೂತು, ಎಂಜಿನ್ ಆರಿಸಿ, ಅಡುಗೆಮನೆಗೆ ಬಂದ.

"ಒಲೀಟಾ, ಸದ್ದು ಕೇಳಿಸ್ತಾ?"

"ಯಾವ ಸದ್ದು?"

"ಅದನ್ನೇ ಕೇಳ್ತಿರೋದು."

ಸಂದು ಮುಚ್ಚಿದೆ, ವಾಲ್ವು ಸುಟ್ಟೀತೆಂದು ಅವನಿಗೆ ದಿಗಿಲು. ಮಧ್ಯಾಹ್ನವೆಲ್ಲ ಕೂತು, ತಣ್ಣಗಿದ್ದ ಎಂಜಿನ್ನಿನಲ್ಲೇ ಒಂದು ಬದಿಯ ನಟ್ಟುಗಳನ್ನು ಸಡಿಲಿಸಿ, ತಗಡು ತೂರಿಸಿ, ಹೊಂದಿಸಿ ಬಂದ. ಬೆಳಗ್ಗೆ ಹೋಗಿ ನೋಡಿದರೆ ಒಂದರಲ್ಲೂ ತಗಡು ಹೋಗಲೊಲ್ಲದು. ಮತ್ತೆ ಹೊಂದಿಸಿದ. ಸಂಜೆಗೆ ಮತ್ತೆ ಮುಚ್ಚಿತ್ತು.

ಊಟಕ್ಕೆ ಕೂತಾಗ ಬೀನ್ಸನ್ನು ತಟ್ಟೆಯಲ್ಲಿ ಅತ್ತಿತ್ತ ತಳ್ಳುತ್ತ ಕೇಳಿದ. "ನಿನ್ನೆ ನಾನು ಶೆಡ್ಡಲ್ಲಿ ಇದ್ದೆ ತಾನೇ?"

"ಇದ್ದೆ. ಅಂಗಿ ತುಂಬ ಎಣ್ಣೆ ಬಳಕೊಂಡು ಬಂದೆ. ನಾನೇ ಒಗೆದದ್ದು."

"ಶೆಡ್ಡಲ್ಲಿದ್ದೆ ಸರಿ. ಕೆಲ್ಸ ಮಾಡಿದ್ನಾ ಅಂತ."

ಅವಳು ತುತ್ತು ಕೆಳಗಿಟ್ಟಳು. ವರ್ಲಿನ್ನನ ಅಣ್ಣ ಡಾಯ್ಲ್‌ಗೂ ಮರೆವು ಹೀಗೆಯೇ ಶುರುವಾದದ್ದು. ನಾಯಿಗೆ ಊಟ ಹಾಕಿದ್ದೀನಿ ಎನ್ನುವನು, ನಾಯಿ ಖಾಲಿ ತಟ್ಟೆ ನೆಕ್ಕುತ್ತಿರುವುದು. ಕೊನೆಗೆ ತಮ್ಮನನ್ನೇ "ಯಾರಪ್ಪಾ ನೀನು?" ಎಂದು ಕೇಳಿ ಸತ್ತ. ವರ್ಲಿನ್ ಆ ಹೆಸರೆತ್ತಲಿಲ್ಲ, ಅವಳೂ ಎತ್ತಲಿಲ್ಲ. ಆದರೆ ಡಾಯ್ಲ್ ಮೇಜಿನ ಮೂರನೆಯ ಕುರ್ಚಿಯಲ್ಲಿ ಕೂತಂತೆಯೇ ಇತ್ತು.

ಹಳೆ ಕಾರಿನವರು ಸೇರುವ ಶನಿವಾರದ ಹಿಂದಿನ ದಿನ ಅವನು ಕಾರಿನ ಕೀಲಿ ತಂದು ಅವಳ ಗುಂಡಿ ಡಬ್ಬಿಯೊಳಗೆ ಹಾಕಿ ಮುಚ್ಚಿದ.

"ನಾಳೆ ಹೋಗಲ್ಲ. ಇನ್ನೊಬ್ಬರ ಎಂಜಿನ್ನಿಗೆ ಕೈ ಹಾಕೋ ತಲೆ ಇದಲ್ಲ. ಕಾರೂ ಓಡಿಸಲ್ಲ. ಯಾವತ್ತಾದ್ರೂ ಚರ್ಚಿನ ಮೂಲೇಲಿ ಎಡವೋ ಬಲವೋ ಗೊತ್ತಾಗ್ದೆ ನಿಂತ್ರೆ?"

ಒಲೀಟಾ ಡಬ್ಬಿ ತೆಗೆಯಲಿಲ್ಲ. ಅವಳಿಗೆ ಅರ್ಥವಾಗದ್ದು ಒಂದೇ: ಗುಳಿಗೆ ಮರೆಯದವನು, ದಾರಿ ತಪ್ಪದವನು, ನಲವತ್ತು ವರ್ಷ ಮಾಡಿದ ಕೆಲಸವನ್ನಷ್ಟೇ ಹೇಗೆ ಮರೆತಾನು?

"ಏಳು ಮುದುಕಾ. ನನ್ನೆದುರಿಗೆ ಒಂದ್ಸಲ ಮಾಡಿ ತೋರ್ಸು."

"ನಿಂಗೇನು ತಿಳಿಯುತ್ತೆ?"

"ತಿಳಿಯೋದು ಬೇಡ. ನೋಡ್ತೀನಿ ಅಷ್ಟೆ. ಕಣ್ಣು ನೆಟ್ಟಗಿದೆಯಲ್ಲ."

ಶೆಡ್ಡಿಗೆ ಹೋಗಿ ಅವನು ಒಂದೇ ಒಂದು ನಟ್ಟು ಸಡಿಲಿಸಿದ. ತಗಡು ಹೋಯಿತು. "ನೋಡ್ದ್ಯಾ?" ಎಂದ. "ನೋಡ್ದೆ." ಗುಳಿಗೆಯ ಹೊತ್ತಾಯಿತೆಂದು ಅವನು ಒಳಗೆ ಹೋದ. ಅವಳು ಬಕೆಟ್ಟು ಬೋರಲು ಹಾಕಿ ಕೂತು, ಆ ಜಾಗದಿಂದ ದೃಷ್ಟಿ ಕದಲಿಸಲಿಲ್ಲ. ಬನ್ನಿನ ಹಿಟ್ಟು ಉಬ್ಬುವುದನ್ನು ಕಾಯುತ್ತ ಬದುಕು ಸವೆಸಿದವಳಿಗೆ ಸುಮ್ಮನೆ ಕೂರುವುದು ಕಷ್ಟವಲ್ಲ. ಸಂದಿನಲ್ಲಿ ತೂರಿ ಬರುತ್ತಿದ್ದ ಬೆಳಕಿನ ಗೆರೆ ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ಇಲ್ಲವಾಯಿತು.

ಅವನು ಬಂದು ತಗಡು ತೂರಿಸಿದ. ಹೋಗಲಿಲ್ಲ.

"ನೀನು ಮಾಡಿದ್ದೆ ವರ್ಲಿನ್. ನಾನು ಕಂಡೆ. ಯಾರೂ ಮುಟ್ಟಿಲ್ಲ. ಅದೇ ಮುಚ್ಕೊಂತು. ಹಿಟ್ಟು ಉಬ್ಬೋ ಹಾಗೆ, ಮೆಲ್ಲಗೆ."

"ತಣ್ಣಗಿರೋ ಕಬ್ಬಿಣ ಉಬ್ಬಲ್ಲ ಕಣೇ."

"ಉಬ್ತು. ಬೈಬಲ್ ಮುಟ್ಟಿ ಹೇಳ್ಲಾ?"

ಅವನು ಎಂಜಿನ್ನನ್ನು ನೋಡಿದ, ಅವಳನ್ನು ನೋಡಿದ. ಮತ್ತೆ ನಟ್ಟು ತಿರುಗಿಸಿ, ಟ್ಯಾಪೆಟ್ಟನ್ನು ಹೆಬ್ಬೆರಳಲ್ಲಿ ಒತ್ತಿದ. ಸ್ಪಂಜಿನ ಹಾಗೆ ಒಳಸರಿದು, ಬೆರಳು ತೆಗೆದಾಗ ನಿಧಾನಕ್ಕೆ ಎದ್ದು ಬಂತು.

"ಎಣ್ಣೆ ಕುಡಿದು ಉಬ್ಬೋವು ಬೇರೆ ಇವೆ. ಸಂದು ಬಿಡೋಕೇ ಕೊಡಲ್ಲ, ಸದ್ದೂ ಮಾಡಲ್ಲ. ಮುದುಕಿಯರು ಚರ್ಚಿಗೆ ಹೋಗೋ ಕಾರಲ್ಲಿರ್ತವೆ. ನನ್ನ ಕಾರೊಳಕ್ಕೆ..." ಎಂದವನು ತಡೆದು, "ರಸ್ ನಿನ್ನ ಏನಾದ್ರೂ ಕೇಳಿದ್ನಾ?"

ಆಗ ಅವಳಿಗೆ ಪಡಸಾಲೆ ಕಂಡಿತು, ಹಸಿರು ಟೊಪ್ಪಿ ಕಂಡಿತು. ಅದರ ಹಿಂದೆಯೇ ರಸ್‌ನ ದನಿ. ಬಾಯಿಗೆ ಕೈ ಹೋಯಿತು.

"ಅಯ್ಯೋ ದೇವರೇ. ಬಗ್ಗಿಸದೇ ಇರೋದನ್ನ ಹಾಕು ಅಂದಿದ್ದೆ."

ಅವನು ಬೈಯುತ್ತಾನೆಂದುಕೊಂಡಳು. ಅವನು ಶೆಡ್ಡಿನ ಗೋಡೆಗೊರಗಿ ನಗಲು ಶುರುಮಾಡಿದ. ಆಸ್ಪತ್ರೆಯಲ್ಲಿ ಕಲಿಸಿದ ಹಾಗೆ ಎರಡೂ ಕೈಯಲ್ಲಿ ಎದೆಯನ್ನು ಅವುಚಿಕೊಂಡು ನಕ್ಕ. ನಗುನಗುತ್ತಲೇ ಕಣ್ಣಲ್ಲಿ ನೀರು. "ನಾನಲ್ಲ! ಕಾರು ಕಣೇ, ನಾನಲ್ಲ!" ಅವಳಿಗೆ ತಪ್ಪೊಪ್ಪಿಕೊಳ್ಳಬೇಕೋ ಜತೆಗೆ ನಗಬೇಕೋ ತಿಳಿಯದೆ, ಎಣ್ಣೆಬಟ್ಟೆಯಿಂದಲೇ ಅವನ ಮುಖ ಒರೆಸಿದಳು.

ಆಮೇಲೆ ನಟ್ಟುಗಳನ್ನೆಲ್ಲ ಎಣ್ಣೆ ಟ್ಯಾಪೆಟ್ಟಿಗೆ ತಕ್ಕಂತೆ ಬಿಗಿ ಮಾಡಿದ. ಶನಿವಾರ ಗುಂಡಿ ಡಬ್ಬಿಯಿಂದ ತಾನೇ ಕೀಲಿ ತೆಗೆದುಕೊಂಡು ಹೋದ. ಫ್ಲಾರಿಡಾದಿಂದ ಮರಳಿದ್ದ ರಸ್ ಹೋಟೆಲಿನ ಅಂಗಳದಲ್ಲಿ ಎಲ್ಲರೆದುರು ಕೂಗಿದನಂತೆ, "ಏನೋ ಪ್ರುಯಿಟ್, ಸ್ಮಶಾನದ ಬಂಡಿ ತಂದ್ಯಾ? ಉಸಿರೇ ಇಲ್ವಲ್ಲೋ!" ವರ್ಲಿನ್ ಅವನ ಟೊಪ್ಪಿ ಕಿತ್ತು ಅದರಲ್ಲೇ ಕೈಯೆಣ್ಣೆ ಒರೆಸಿ, ಒಂದಾದ ಮೇಲೊಂದು ಎಲ್ಲರ ಎಂಜಿನ್ನನ್ನೂ ಹೊಂದಿಸಿ ಕೊಟ್ಟನಂತೆ. ಒಂದರಲ್ಲೂ ಸಂದು ಮುಚ್ಚಲಿಲ್ಲವಂತೆ.

ಇಷ್ಟನ್ನು ಅವನು ಬಾಗಿಲಲ್ಲಿ ನಿಂತು ಹೇಳುತ್ತಿದ್ದಾಗ ಒಲೀಟಾ ಬಟಾಣಿ ಬಿಡಿಸುತ್ತ ಬೆಪ್ಪಾಗಿ ನೋಡುತ್ತಿದ್ದಳು. ಕಿಟಕಿ ತೆರೆದೇ ಇತ್ತು. ಕಿವಿಯೂ ತೆರೆದೇ ಇತ್ತು. ಕಾರು ಅಂಗಳಕ್ಕೇ ಬಂದು ನಿಂತಿದೆ, ಅವಳಿಗೆ ಸುಳಿವೇ ಸಿಕ್ಕಿಲ್ಲ. ಒಲೆಯ ಮೇಲೆ ಕಾಫಿಯಿಲ್ಲ.

"ಯಾವಾಗ ಬಂದೆ?"

"ಈಗ. ಕಾಫಿ ಎಲ್ಲಿ?"

ಅವಳು ಬರಿದಾದ ಒಲೆ ನೋಡಿದಳು. ಈ ಎಣ್ಣೆ ಟ್ಯಾಪೆಟ್ಟು ತನ್ನ ಮನೆಯಿಂದ ಏನನ್ನು ಎತ್ತಿಕೊಂಡು ಹೋಗಿದೆ ಎಂದು ಅವಳಿಗೆ ಹೊಳೆದದ್ದು ಆಗ.

"ರಸ್‌ಗೆ ಹೇಳು. ಗಟ್ಟಿದನ್ನೇ ವಾಪಸ್ ಹಾಕ್ಲಿ."

"ಡಾಕ್ಟ್ರು ಬಗ್ಗಬೇಡ ಅಂದಿದಾರಲ್ಲೇ."

"ನೀನ್ಯಾಕೆ ಬಗ್ತೀಯಾ? ಕುರ್ಚಿ ಹಾಕ್ಕೊಂಡು ಕೂತು ಹೇಳು. ನಾನು ಬಗ್ತೀನಿ."

ಅವನು ಅಂಗಿಜೇಬಿನಿಂದ ತಗಡನ್ನು ತೆಗೆದು ಮೇಜಿನ ಮೇಲಿಟ್ಟ. ಅವಳು ಅದನ್ನು ಬಟಾಣಿಯ ಕೈಯಲ್ಲೇ ಎತ್ತಿ ಬೆಳಕಿಗೆ ಹಿಡಿದು, ಈ ತುದಿಯೋ ಆ ತುದಿಯೋ ತಿಳಿಯದೆ ತಿರುಗಿಸಿ ತಿರುಗಿಸಿ ನೋಡಿದಳು.