ನಿನ್ನ ಹೆಸರು ನೋಡ್ಕೋ

ಭಾವನ ಮೀನಖಂಡ ನೋಯಲು ಶುರುವಾದದ್ದು ಮಂಗಳವಾರ. ಗುರುವಾರ ಕಣ್ಣು ಕೆಂಪಾಯಿತು. ಶನಿವಾರ ಮೈ ಹಳದಿ.

ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಲೆಪ್ಟೊಸ್ಪೈರೋಸಿಸ್ ಅಂದರು. ನಮ್ಮ ಕಡೆ ಇಲಿಜ್ವರ. ಕಿಡ್ನಿ ಕೆಲಸ ನಿಲ್ಲಿಸಿದೆ, ಯೂರಿನ್ ಬರ್ತಿಲ್ಲ, ಡಯಾಲಿಸಿಸ್ ಮಾಡಬೇಕು, ಈಗಲೇ ಏನೂ ಹೇಳಕ್ಕಾಗಲ್ಲ ಅಂದರು.

ಇಂಥ ಮಾತನ್ನು ನನ್ನಂಥವನಿಗೆ ಹೇಳಬಾರದು. ನಾನು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಮೋಡ ಕಂಡರೆ ಕಣದಲ್ಲಿ ಹರಡಿದ ಕಾಫಿಯ ಚಿಂತೆ, ಬಿಸಿಲು ಕಂಡರೆ ಗಿಡದ ಚಿಂತೆ, ಎರಡೂ ಇಲ್ಲದ ದಿನ ಏನೋ ಮರೆತಿದ್ದೇನೆ ಎಂಬ ಚಿಂತೆ.

ಭಾವ ಅಂದರೆ ಅಕ್ಕನ ಗಂಡ, ಗೋಣಿಬೀಡಿನಾಚೆ ರಸ್ತೆ ತಿರುವಿನಲ್ಲಿರುವ ಗಣಪತಿ ಗುಡಿಯ ಭಟ್ಟರು. ಇವನನ್ನು ನಂಬಿ ಕೆಟ್ಟವರಿಲ್ಲ ಎಂದು ಇಪ್ಪತ್ತು ವರ್ಷದಿಂದ ಲಾರಿ ಡ್ರೈವರುಗಳಿಗೆ ಹೇಳುತ್ತ ಬಂದವರು. ಅಕ್ಕ ಆಸ್ಪತ್ರೆಯಲ್ಲಿ ಉಳಿದಳು. ಪೂಜೆ ನನ್ನ ತಲೆಗೆ ಬಂತು.

ಮೊದಲ ದಿನವೇ ಹೂಪ್ರಸಾದ ಕೇಳಿದೆ. ದೇವರ ತಲೆ ಮೇಲೆ ಹೂವಿಟ್ಟು ಬೇಡಿಕೊಳ್ಳುವುದು; ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ.

ಎಡಕ್ಕೆ ಬಿತ್ತು.

ಅಕ್ಕನಿಗೆ ಹೇಳಲಿಲ್ಲ. ಗುಡಿಯೆದುರು ಗ್ಯಾರೇಜ್ ಇಟ್ಟಿರುವ ರಫೀಕ್ ನನ್ನ ಮುಖ ನೋಡಿ ಟೀ ಕೊಟ್ಟ. ಅವನು ಭಾವನ ದೋಸ್ತ. 'ರೈಟ್ರೇ, ಭಟ್ರಿಗೆ ಏನಾದ್ರೂ ಆದ್ರೆ ಡ್ರೈವರ್‌ಗಳು ಏನಂತಾರೆ? ಈ ಗಣಪತಿ ಸ್ವಂತ ಭಟ್ರನ್ನೇ ಉಳಿಸ್ಕೊಳ್ಳಲಿಲ್ಲ ಅಂತಾರೆ' ಅಂದ.

ನನಗೆ ಬೇಕಾಗಿದ್ದ ಪಾಯಿಂಟು ಅದೇ. ಸೀದಾ ಒಳಗೆ ಹೋಗಿ ದೇವರೆದುರು ನಿಂತೆ.

'ಭಾವ ಒಳ್ಳೆಯವರು ಅಂತ ಕೇಳ್ತಿಲ್ಲ. ಅವರ ಸಿಟ್ಟು ನಿನಗೇ ಗೊತ್ತು. ನನ್ನ ಮುಖ ನೋಡು ಅಂತಲೂ ಅಲ್ಲ, ನಿನ್ನ ನೈವೇದ್ಯದ ಪಾಯಸ ತಳ ಹಿಡಿಸಿದ್ದು ನಾನೇ. ನಿನ್ನ ಹೆಸರು ನೋಡ್ಕೋ. ನಾಳೆ ಈ ತಿರುವಿನಲ್ಲಿ ಒಂದು ಲಾರಿಯೂ ನಿಲ್ಲಲ್ಲ.'

ಎಂಟು ದಿನ ಇದೇ ಮಂತ್ರ. ಬೇರೆ ಮಂತ್ರ ನನಗೆ ಅರ್ಧಕ್ಕಿಂತ ಹೆಚ್ಚು ಬರುವುದೂ ಇಲ್ಲ. ಪೂಜೆ, ಜಗಳ, ಆಮೇಲೆ ಬಸ್ಸು ಹಿಡಿದು ಆಸ್ಪತ್ರೆ. ಡಯಾಲಿಸಿಸ್ ರೂಮಿನ ಹೊರಗೆ ಕೂತು ಅಕ್ಕನಿಗೆ ಧೈರ್ಯ ಹೇಳುವಾಗ ಸರಿದು ಬಿದ್ದ ಆ ಹೂವೇ ಕಣ್ಣಮುಂದೆ.

ಎಂಟನೇ ಬೆಳಿಗ್ಗೆ ಅಕ್ಕನ ಫೋನು. 'ಯೂರಿನ್ ಬಂತು ಕಣೋ.'

ಆ ಸುದ್ದಿಗೆ ನಾನು ಗರ್ಭಗುಡಿಯಲ್ಲೇ ಕೂತು ಅತ್ತೆ. ಯೂರಿನ್ ಬಂತು ಅನ್ನುವುದು ದೇವರ ಮುಂದೆ ಆಡುವ ಮಾತಲ್ಲ, ಆದರೂ ಜೋರಾಗಿಯೇ ಹೇಳಿದೆ.

ಡಿಸ್ಚಾರ್ಜ್ ಆಗಿ ಬಂದಾಗ ಭಾವ ಸೊರಗಿ ಅರ್ಧವಾಗಿದ್ದರು. ತಡೆಯಲಾರದೆ ಎಲ್ಲ ಒಪ್ಪಿಕೊಂಡೆ: ಹೂವು, ಬೈಗುಳ, ಲಾರಿ.

'ಹೂವು ಯಾರ ಎಡಕ್ಕೆ ಬಿತ್ತು?'

'ನನ್ನ ಎಡಕ್ಕೆ.'

ಭಾವ ನಕ್ಕರು. ನಕ್ಕು ಸುಸ್ತಾಗಿ ದಿಂಬಿಗೆ ಒರಗಿದರು. 'ನೀನು ಅವನ ಎದುರು ನಿಂತಿದ್ದೆ ಮಾರಾಯ. ನೋಡ್ಬೇಕಾದ್ದು ದೇವರ ಬಲ. ಅವನು ಮೊದಲ ದಿನವೇ ಆಗಲಿ ಅಂದಿದಾನೆ.'

ಭಟ್ಟರ ಮನೆಗೆ ಅಕ್ಕನನ್ನು ಕೊಟ್ಟು ಇಷ್ಟು ವರ್ಷವಾಯಿತು, ನನಗೆ ಇಷ್ಟು ಗೊತ್ತಿರಲಿಲ್ಲ. ಹೂಂ ಅಂದವನನ್ನು ಎಂಟು ದಿನ ಬೈದಿದ್ದೆ. ಅವನೂ ಕೇಳಿಸಿಕೊಂಡು ಸುಮ್ಮನಿದ್ದ.

ಈಗ ಭಾವ ಸ್ಟೂಲಿನ ಮೇಲೆ ಕೂತು ಪೂಜೆ ಮಾಡುತ್ತಾರೆ. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಇಳಿದಿದೆ, ಪೂರ್ತಿ ಇಳಿದಿಲ್ಲ. ಸೋಮವಾರ ಇನ್ನೊಂದು ಟೆಸ್ಟ್ ಇದೆ.

ಮೊನ್ನೆ ತಪ್ಪಾಯ್ತು ಎನ್ನಲು ಗುಡಿಗೆ ಹೋದೆ. ಅಡ್ಡಬಿದ್ದೆ. ಮನಸಾರೆ ಕ್ಷಮೆ ಕೇಳಿದೆ. ಏಳುವಾಗ ಸೋಮವಾರ ನೆನಪಾಯಿತು.

'ಆದ್ರೂ' ಅಂದೆ ಮೆಲ್ಲಗೆ, 'ಹೆಸರು ನೋಡ್ಕೋ.'