ಅಪ್ಪನ ಕಲ್ಯಾಣಿ, ಅವ್ವನ ಎಸರು

ಇವತ್ತು ನನ್ನ ಗಂಡ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಯಾರೋ ಗಾಯಕಿಯ ಕಲ್ಯಾಣಿ ರಾಗವಂತೆ. ನನ್ನ ಹೊಟ್ಟೆಯೊಳಗೆ ಹಳೆಯದೊಂದು ಉರಿ ಎದ್ದಿತು.

ನಾನು ಚಿಕ್ಕವಳಿದ್ದಾಗ, ಬಿಡದಿಯ ಫ್ಯಾಕ್ಟರಿಯಿಂದ ಬರುವಾಗ ಅಪ್ಪನ ಮೈಯೆಲ್ಲ ಮೆಷಿನ್ ಆಯಿಲ್ ವಾಸನೆ. ಅದೇ ಕೈಯಲ್ಲಿ ನನ್ನನ್ನು ಎತ್ತಿಕೊಳ್ಳುತ್ತಿದ್ದರು. ಕ್ಯಾಸೆಟ್ ಮುಟ್ಟಬೇಕಾದರೆ ಮಾತ್ರ ಸೋಪು ಹಚ್ಚಿ ಮೊಣಕೈತನಕ ತೊಳೆಯುತ್ತಿದ್ದರು! ಒಬ್ಬಳೇ ಗಾಯಕಿ, ಒಂದೇ ಕಲ್ಯಾಣಿ, ಎರಡು ಕ್ಯಾಸೆಟ್ಟು. ಒಂದು ಪ್ರಾಯದಲ್ಲಿ ಹಾಡಿದ್ದು, ಇನ್ನೊಂದು ವಯಸ್ಸಾದ ಮೇಲೆ. ಯಾವುದು ಹೆಚ್ಚು ಎಂದು ತೂಗಿ ನೋಡುವುದೇ ಅಪ್ಪನ ಸಂಜೆಯ ಕೆಲಸ.

"ವಯಸ್ಸಾದ್ಮೇಲೆ ಹಾಡಿರೋದೇ ಮೇಲು ಕಣೇ. ಒಸೀನೂ ಅವಸರ ಇಲ್ಲ ನೋಡು," ಎಂದರು ಒಮ್ಮೆ.

ಅಡುಗೆಮನೆಯಿಂದ ಅವ್ವ, "ಅವ್ಳಿಗೇನ್ ಅವಸರ? ಮುದ್ದೆಗೆ ಎಸರಿಕ್ಕಿ ಬಂದವ್ಳಾ?" ಎಂದಳು.

ಅಷ್ಟರಲ್ಲಿ ಕರೆಂಟ್ ಹೋಗಿ ಹಾಡು ಅರ್ಧಕ್ಕೇ ನಿಂತಿತು. ಕತ್ತಲಲ್ಲಿ ಅವ್ವ ಹಾಡನ್ನು ಅದು ನಿಂತಲ್ಲಿಂದಲೇ ಗುನುಗತೊಡಗಿದಳು. ಬೈಯುತ್ತ ಬೈಯುತ್ತಲೇ ದಿನವೂ ಕೇಳಿ ಕಲಿತುಬಿಟ್ಟಿದ್ದಳು! ಅಪ್ಪ ಉಸಿರು ಬಿಗಿಹಿಡಿದು ಕೂತರು. ನನ್ನ ಮಾತನ್ನು ಎಂದೂ ಹಾಗೆ ಕೇಳಿಸಿಕೊಂಡವರಲ್ಲ. ಆ ಗಾಯಕಿಯ ಜೊತೆಗೆ ಅವ್ವನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

"ಚೆನ್ನಾಗೈತೆ. ಕೊನೇಲಿ ಒಸಿ ಅವಸರ ಮಾಡ್ಬುಟ್ಟೆ," ಎಂದು ಅಪ್ಪ ತೀರ್ಪು ಕೊಟ್ಟರು.

"ಎಸರು ಉಕ್ತಾ ಇತ್ತು," ಎಂದಳು ಅವ್ವ.

ಈಗ ಗಂಡ ಒಂದು ಇಯರ್‌ಫೋನನ್ನು ನನ್ನ ಕಿವಿಗಿಟ್ಟು, "ಕೇಳು, ಎಷ್ಟು ನಿಧಾನ!" ಎಂದರು. ಒಳಗೆ ಕುಕ್ಕರ್ ಕೂಗಿತು.

"ಅವಳನ್ನೇ ಕರೀರಿ, ಬಂದು ಒಲೆ ಆರಿಸ್ಲಿ," ಎಂದೆ.

ಹಾಗಂದವಳು ಕಿವಿಯಿಂದ ಅದನ್ನು ತೆಗೆಯಲೇ ಇಲ್ಲ.